ರಜೆಯ ಕೆಲಸ, ಸರಿಯಾದ ಕೂಲಿ
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತುಗಳು)



ಸಂಘ ಬೆಳೆದುಬಂದ ಹಾದಿಯನ್ನು ಹಿಂದೆ ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾವು ದೂರದ ಒಂದು ದೇಶದ ಲೆಕ್ಕ ಹೇಳುತ್ತೇವೆ. ಅದಕ್ಕೆ ಕಾರಣ ಉಂಟು. ಪರೀಕ್ಷೆ ಮುಗಿದರೆ ಸಾಕು, "ಹುಡುಗನಿಗೆ ಎರಡು ತಿಂಗಳು ಸಂಘದಲ್ಲಿ ಏನಾದ್ರೂ ಕೆಲಸ ಕೊಡಿ ಸ್ವಾಮಿ" ಎಂದು ಕೇಳುವವರು ನಮ್ಮಲ್ಲೂ ಇದ್ದಾರೆ.

ಕೆನಡಾದಲ್ಲಿ ಇದಕ್ಕೆಂದೇ 'ಕೆನಡಾ ಸಮ್ಮರ್ ಜಾಬ್ಸ್' ಎಂಬ ಕೇಂದ್ರ ಸರ್ಕಾರದ ಯೋಜನೆ ಇದೆ. ಮೊದಲು ವಿದ್ಯಾರ್ಥಿಗಳಿಗೆ ಮಾತ್ರ ಇತ್ತು. 2019ರಿಂದ 15ರಿಂದ 30 ವರ್ಷದ ಇತರ ಯುವಕ ಯುವತಿಯರಿಗೂ ಸಿಗುತ್ತಿದೆ. ಬೇಸಿಗೆಯಲ್ಲಿ ಇಂಥವರಿಗೆ ಕೆಲಸ ಕೊಟ್ಟ ಸಂಸ್ಥೆಗೆ ಸರ್ಕಾರ ಕೂಲಿಯ ಪಾಲು ಕೊಡುತ್ತದೆ. ಲಾಭದ ಉದ್ದೇಶವಿಲ್ಲದ ಸಂಸ್ಥೆಗೆ ಕನಿಷ್ಠ ಕೂಲಿಯ ಪೂರ್ತಿ ಮೊತ್ತದವರೆಗೆ, ಸಣ್ಣ ಖಾಸಗಿ ಮಾಲೀಕನಿಗೆ ಸಾಮಾನ್ಯವಾಗಿ ಅರ್ಧದವರೆಗೆ. 2016ರಲ್ಲಿ ಇಂಥ ಕೆಲಸಗಳನ್ನು ಸುಮಾರು 35,000ದಿಂದ 70,000ದ ಹತ್ತಿರಕ್ಕೆ ಏರಿಸಿದರು.

ಇನ್ನು ಲೆಕ್ಕಕ್ಕೆ ಬರೋಣ. ಅಲ್ಲಿನ ಒಂಟಾರಿಯೊ ಪ್ರಾಂತ್ಯದಲ್ಲಿ ಗಂಟೆಯ ಕನಿಷ್ಠ ಕೂಲಿ 2017ರ ಕೊನೆಗೆ 11.60 ಡಾಲರ್ ಇತ್ತು. 2018ರ ಜನವರಿ 1ಕ್ಕೆ ಒಂದೇ ಏಟಿಗೆ 14 ಆಯಿತು. 2025ರ ಅಕ್ಟೋಬರ್‌ನಲ್ಲಿ 17.60ಕ್ಕೆ ಮುಟ್ಟಿತು. ವಾರಕ್ಕೆ 35 ಗಂಟೆಯಂತೆ 8 ವಾರ ಎಂದರೆ 280 ಗಂಟೆ. ಹಳೆಯ ದರದಲ್ಲಿ ಐದು ಮಕ್ಕಳಿಗೆ 16,240 ಡಾಲರ್ ಬೇಕಿತ್ತು. ಅದೇ ಗಂಟು 14ರ ದರಕ್ಕೆ ನಾಲ್ವರಿಗೆ ಸಾಲುತ್ತದೆ, 17.60ಕ್ಕೆ ಮೂವರಿಗೆ ಮಾತ್ರ. ಅರ್ಧ ಪಾಲು ಪಡೆಯುವ ಅಂಗಡಿಯವನಿಗೂ ತನ್ನ ಕೈಯಿಂದ ಹಾಕುವ ಅರ್ಧ ಏರುತ್ತಾ ಹೋಗುತ್ತದೆ.

ಹಾಗಂತ ಕೂಲಿ ಏರಿಸಲೇಬಾರದೇ? ನಾವು ಹಾಗೆ ಹೇಳುವುದಿಲ್ಲ. ಫೀಸು, ಬಾಡಿಗೆ, ಊಟದ ಖರ್ಚು ಯಾರಿಗೂ ಕಾಯುವುದಿಲ್ಲ. ಕೂಲಿ ಏರಿದಾಗ ಅನುದಾನವೂ ಜೊತೆಗೆ ಏರಬೇಕು. ಏರದಿದ್ದರೆ ಕಾನೂನು ಕೊಟ್ಟದ್ದನ್ನು ಲೆಕ್ಕದ ಪುಸ್ತಕ ಕಿತ್ತುಕೊಳ್ಳುತ್ತದೆ.

ಇನ್ನೊಂದು ಮಾತು, ಮಕ್ಕಳನ್ನು ಅಲ್ಲಿಗೆ ಓದಲು ಕಳಿಸುವವರಿಗೆ. ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಈ ಯೋಜನೆ ಅನ್ವಯಿಸುವುದಿಲ್ಲ. ಅಲ್ಲಿನ ಪೌರರಿಗೆ, ಕಾಯಂ ನಿವಾಸಿಗಳಿಗೆ, ಆಶ್ರಯ ಪಡೆದ ನಿರಾಶ್ರಿತರಿಗೆ ಮಾತ್ರ. ಇದನ್ನು ನಂಬಿಕೊಂಡು ಸಾಲ ಮಾಡಬೇಡಿ.

ನಮ್ಮ ಸಂಘಕ್ಕೆ ಅಂಥ ಅನುದಾನ ಇಲ್ಲ. ಆದರೆ ಗೊಬ್ಬರ ವಿತರಣೆಯ ಕಾಲದಲ್ಲಿ ಚೀಟಿ ಬರೆಯಲು, ದಾಸ್ತಾನು ಎಣಿಸಲು, ಖಾತೆ ತಾಳೆ ನೋಡಲು ಕೈ ಬೇಕು. ಹದಿನೆಂಟು ತುಂಬಿದ ನಮ್ಮದೇ ಮಕ್ಕಳು ಇದ್ದಾರೆ. "ಕಾಫಿ ಖರ್ಚಿಗೆ ಅಷ್ಟು ಸಾಕು" ಎಂದು ನಾಲ್ವರನ್ನು ದುಡಿಸುವುದಕ್ಕಿಂತ, ಕಾನೂನಿನ ಕೂಲಿ ಕೊಟ್ಟು ಇಬ್ಬರನ್ನು ಇಟ್ಟುಕೊಳ್ಳೋಣ. ಆ ಇಬ್ಬರನ್ನು ಶಿಫಾರಸಿನ ಮೇಲೆ ಆರಿಸುವುದು ಬೇಡ, ಅರ್ಜಿ ಕರೆದು ಆರಿಸೋಣ. ಪ್ರತಿ ವರ್ಷ ಬಜೆಟ್ಟಿನಲ್ಲಿ ಕೂಲಿ ಏರಿದಷ್ಟೂ ಹಣ ತೆಗೆದಿಡೋಣ.

ಮುಂದಿನ ಮಹಾಸಭೆಯಲ್ಲಿ ಈ ವಿಷಯ ಬಂದಾಗ ಸದಸ್ಯರೆಲ್ಲ ಕೈ ಎತ್ತಬೇಕೆಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.