ಮರುಖರೀದಿಯ ಭರವಸೆ: ಹಣ ಕಟ್ಟುವ ಮೊದಲು ವಿಚಾರಿಸಿ

(ರೈತ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಬೆಳೆಯ ಬೆಲೆ ಕುಸಿದ ವರ್ಷ ಹಳ್ಳಿಗೆ ಹೊಸ ಯೋಜನೆ ಹೊತ್ತವರು ಬರುತ್ತಾರೆ. ಒಮ್ಮೆ ತೇಗದ ಸಸಿ, ಒಮ್ಮೆ ಔಷಧಿ ಸಸ್ಯ, ಒಮ್ಮೆ ಮೊಲ, ಒಮ್ಮೆ ಎಮು ಪಕ್ಷಿ. ಸರಕು ಬೇರೆಯಾದರೂ ಮಾತು ಒಂದೇ: "ಠೇವಣಿ ಕಟ್ಟಿ, ಸಾಕಿ ಕೊಡಿ, ಎಲ್ಲವನ್ನೂ ನಾವೇ ಕೊಳ್ಳುತ್ತೇವೆ."

ಒಪ್ಪಂದದ ಬೇಸಾಯವೆಲ್ಲ ಮೋಸವಲ್ಲ. ಕರ್ನಾಟಕದ ಅನೇಕ ರೈತರು ಮಿಡಿಸೌತೆಯನ್ನು ಒಪ್ಪಂದದ ಮೇಲೆ ಬೆಳೆಯುತ್ತಾರೆ; ಅದನ್ನು ಕೊಂಡು ತಿನ್ನುವವರು ಹೊರದೇಶಗಳಲ್ಲಿದ್ದಾರೆ. ಸರಕನ್ನು ಕೊನೆಗೆ ಕೊಂಡು ಬಳಸುವವರು ಇದ್ದಾರೆಯೇ ಎಂಬುದೇ ಮುಖ್ಯ ಪ್ರಶ್ನೆ.

ಎಮು ಕಲಿಸಿದ ಪಾಠ

ತಮಿಳುನಾಡಿನ ಈರೋಡು ಜಿಲ್ಲೆಯ ಪೆರುಂದುರೈಯಲ್ಲಿ 2012ರಲ್ಲಿ ಕುಸಿದುಬಿದ್ದ ಯೋಜನೆಯೊಂದನ್ನು ಗಮನಿಸಿ. ರೈತ 1.5 ಲಕ್ಷ ರೂ. ಠೇವಣಿ ಇಟ್ಟರೆ ಸಂಸ್ಥೆಯು 6 ಎಮು ಮರಿ, ಆಹಾರ ಮತ್ತು ಶೆಡ್ಡು ಒದಗಿಸುತ್ತಿತ್ತು. ಸಾಕಿದ್ದಕ್ಕೆ ತಿಂಗಳಿಗೆ 6,000 ರೂ., ವರ್ಷಕ್ಕೆ 20,000 ರೂ. ಬೋನಸ್, ಎರಡು ವರ್ಷದ ನಂತರ ಠೇವಣಿ ವಾಪಸು ಎಂಬ ಭರವಸೆ ಇತ್ತು. ಚಿತ್ರನಟರು ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದರು.

ಲೆಕ್ಕ ಹೀಗಿದೆ. ಎರಡು ವರ್ಷದ ತಿಂಗಳ ಹಣ 1,44,000 ರೂ., ಬೋನಸ್ 40,000 ರೂ. ಠೇವಣಿಯನ್ನು ಹಿಂದಿರುಗಿಸುವುದಲ್ಲದೆ ಸಂಸ್ಥೆ ಕೊಡಬೇಕಾದದ್ದು 1,84,000 ರೂ. ಇದು ಆರು ಹಕ್ಕಿಗಳಿಂದಲೇ ಹುಟ್ಟಬೇಕಾದರೆ ಒಂದೊಂದೂ ಸುಮಾರು 30,600 ರೂ. ತರಬೇಕು. ಬೆಳೆದ ಎಮು 40 ಕಿಲೋ ತೂಗುತ್ತದೆಂದು ಹಿಡಿದರೆ ಜೀವಂತ ತೂಕದ ಮೇಲೆ ಕಿಲೋಗೆ ಸುಮಾರು 765 ರೂ. ಆಯಿತು. ಮೇವು, ಮರಿ, ಶೆಡ್ಡಿನ ಖರ್ಚು ಇದರಲ್ಲಿ ಸೇರಿಲ್ಲ. ಆಗ ಕುರಿ ಮಾಂಸಕ್ಕೂ ಆ ಬೆಲೆ ಇರಲಿಲ್ಲ; ಎಮು ಮಾಂಸ ಕೇಳುವವರಂತೂ ವಿರಳ.

ಹಾಗಾದರೆ ಮೊದಲು ಸೇರಿದವರಿಗೆ ತಿಂಗಳು ತಿಂಗಳು ಬಂದ ಹಣ ಯಾವುದು? ನಂತರ ಸೇರಿದವರು ಕಟ್ಟಿದ ಠೇವಣಿ. ಹೊಸಬರು ಬರುವುದು ಕಡಿಮೆಯಾದೊಡನೆ ಹಣ ನಿಂತಿತು. 2012ರ ಆಗಸ್ಟ್‌ನಲ್ಲಿ ಪೊಲೀಸ್ ಮೊಕದ್ದಮೆಗಳು ದಾಖಲಾದವು. ಹಸಿದ ಹಕ್ಕಿಗಳಿಗೆ ಸರ್ಕಾರವೇ ಮೇವು ಹಾಕಿಸಬೇಕಾಯಿತು.

ವಿಚಾರಿಸುವ ಕ್ರಮ

1. ಮೇಲಿನಂತೆ ಲೆಕ್ಕ ಹಾಕಿ. ಭರವಸೆಯ ಹಣವನ್ನು ಹಕ್ಕಿ, ಗಿಡ ಅಥವಾ ಕಿಲೋಗೆ ಹಂಚಿ, ಸಂತೆಯ ಬೆಲೆಯೊಡನೆ ಹೋಲಿಸಿ.

2. ಕೊನೆಯ ಖರೀದಿದಾರ ಯಾರು? ಕಾರ್ಖಾನೆ ಅಥವಾ ಅಂಗಡಿಯ ಹೆಸರು ಕೇಳಿ, ಅಲ್ಲಿಗೇ ಹೋಗಿ ವಿಚಾರಿಸಿ. ಮರಿ ಕೊಳ್ಳುವವನು ಇನ್ನೊಬ್ಬ ಸಾಕಣೆದಾರನೇ ಆದರೆ ಎಚ್ಚರ. ಒಂದು ಜೋಡಿಯಿಂದ ಐದು ಜೋಡಿ, ಐದರಿಂದ 25, 25ರಿಂದ 125 ಆಗುತ್ತ ಹೋದರೆ ಕೊಳ್ಳುವ ಹೊಸಬರು ಬೇಗನೆ ಮುಗಿದುಹೋಗುತ್ತಾರೆ.

3. ಸಂಸ್ಥೆ ತೋರಿಸುವ ಮಾದರಿ ತೋಟವೊಂದನ್ನೇ ನಂಬಬೇಡಿ. ಎರಡು ವರ್ಷ ದಾಟಿದ ಸದಸ್ಯರನ್ನು ನೀವೇ ಹುಡುಕಿ. "ತಿಂಗಳ ಹಣ ಬಂತೇ?" ಎಂದಷ್ಟೇ ಕೇಳಿದರೆ ಸಾಲದು; "ಠೇವಣಿ ವಾಪಸು ಬಂತೇ? ಮಾಲು ಎಲ್ಲಿಗೆ ಹೋಯಿತು?" ಎಂದು ಕೇಳಿ. ಹೊಸಬರನ್ನು ಸೇರಿಸಿ ಕಮಿಷನ್ ಪಡೆಯುವವರ ಮಾತನ್ನು ಸಾಕ್ಷಿಯೆಂದು ಪರಿಗಣಿಸಬೇಡಿ.

4. ಕರಾರುಪತ್ರವನ್ನು ಮನೆಗೆ ತಂದು ಬಲ್ಲವರಿಂದ ಓದಿಸಿ. ಗುಣಮಟ್ಟವಿಲ್ಲವೆಂದು ಮಾಲು ತಿರಸ್ಕರಿಸುವ ಅಧಿಕಾರ ಯಾರದು? ಪಕ್ಷಿ ಸತ್ತರೆ ನಷ್ಟ ಯಾರದು? ವ್ಯಾಜ್ಯ ಯಾವ ಊರಿನ ನ್ಯಾಯಾಲಯದಲ್ಲಿ? ಮುಂದಿನ ತಾರೀಖಿನ ಚೆಕ್ಕು ಕೈಯಲ್ಲಿದ್ದರೂ ಖಾತೆಯಲ್ಲಿ ಹಣವಿಲ್ಲದಿದ್ದರೆ ಅದು ಬರಿಯ ಕಾಗದ.

5. ಕಂಪನಿ ನೋಂದಣಿಯ ಪತ್ರ ಯೋಜನೆಗೆ ಸರ್ಕಾರ ಕೊಟ್ಟ ಖಾತರಿಯಲ್ಲ. 1990ರ ದಶಕದ ತೇಗದ ಯೋಜನೆಗಳಂಥವುಗಳ ನಂತರ, ಜನರ ಹಣ ಕೂಡಿಸಿ ನಡೆಸುವ ಸಾಮೂಹಿಕ ಹೂಡಿಕೆಯ ಯೋಜನೆಗಳಿಗೆ ಸೆಬಿ 1999ರಲ್ಲಿ ನಿಯಮಾವಳಿ ತಂದಿತು. ಅನಿಯಂತ್ರಿತ ಠೇವಣಿ ಯೋಜನೆಗಳನ್ನು 2019ರ ಕೇಂದ್ರ ಕಾಯಿದೆ ನಿಷೇಧಿಸಿದೆ. ಠೇವಣಿ ಪಡೆಯಲು ಅನುಮತಿ ಎಲ್ಲಿದೆ ಎಂದು ಕೇಳಿ, ರಿಸರ್ವ್ ಬ್ಯಾಂಕಿನ 'ಸಚೇತ್' ಜಾಲತಾಣದಲ್ಲಿ ಪರಿಶೀಲಿಸಿ.

6. "ಇಂದೇ ಕಟ್ಟಿ, ನಾಳೆ ಮರಿ ಮುಗಿಯುತ್ತದೆ" ಎಂದರೆ ಕಟ್ಟಬೇಡಿ. ಅಮೆರಿಕದಲ್ಲಿ ಇಂಥದೇ ಆಟ, ಕಾಸು ಹಾಕಿದರೆ ತಿಂಡಿ ಕೊಡುವ ಯಂತ್ರಗಳ ಹೆಸರಿನಲ್ಲಿ ಮತ್ತೆ ಮತ್ತೆ ನಡೆದಿದೆ. ಇಂಥ ವ್ಯಾಪಾರಾವಕಾಶ ಮಾರುವವನು ಸಹಿ ಹಾಕಿಸುವ ಅಥವಾ ಹಣ ಪಡೆಯುವ ಕನಿಷ್ಠ 7 ದಿನ ಮೊದಲು ಲಿಖಿತ ವಿವರ ಕೊಡಬೇಕೆಂದು ಅಲ್ಲಿ 2012ರ ಮಾರ್ಚ್‌ನಿಂದ ನಿಯಮವಿದೆ. ಹಿಂದೆ ಕೊಂಡವರ ಪಟ್ಟಿಯೂ ಅದರಲ್ಲಿರಬೇಕು. ಆ ಏಳು ದಿನಗಳ ಗಡುವನ್ನು ಇಲ್ಲಿಯ ರೈತರು ತಾವಾಗಿಯೇ ಹಾಕಿಕೊಳ್ಳಬಹುದು. ಪ್ರಾಮಾಣಿಕ ಸಂಸ್ಥೆ ಒಂದು ವಾರ ಕಾಯುತ್ತದೆ.

ಹಣ ಕಟ್ಟಿಯಾಗಿದ್ದರೆ

ರಸೀದಿ, ಕರಾರು, ಬ್ಯಾಂಕ್ ಪಾಸ್‌ಪುಸ್ತಕ, ಕರಪತ್ರಗಳನ್ನು ಜೋಪಾನ ಮಾಡಿ. ಕಂತು ತಪ್ಪಿದೊಡನೆ ಇತರ ಸದಸ್ಯರ ಜೊತೆಗೂಡಿ ಪೊಲೀಸರಿಗೆ ಲಿಖಿತ ದೂರು ಕೊಡಿ. ಠೇವಣಿದಾರರ ಹಿತರಕ್ಷಣೆಗೆ ಕರ್ನಾಟಕದಲ್ಲಿ 2004ರ ಕಾಯಿದೆ ಇದೆ. ಅದರಡಿ ಸಂಸ್ಥೆಯ ಆಸ್ತಿ ಜಪ್ತಿಗೆ ಅವಕಾಶವಿದೆ. ತಡವಾದಷ್ಟೂ ಜಪ್ತಿಗೆ ಸಿಗುವ ಆಸ್ತಿ ಕರಗುತ್ತದೆ. ಹೋದ ಹಣ ತುಂಬಿಕೊಳ್ಳಲು ನೆಂಟರಿಷ್ಟರನ್ನು ಸೇರಿಸುವ ಕೆಲಸಕ್ಕೆ ಮಾತ್ರ ಕೈಹಾಕಬೇಡಿ. ನಷ್ಟದ ಜೊತೆಗೆ ನಂಟೂ ಹೋಗುತ್ತದೆ.

ವಿಸ್ತರಣಾ ಕಾರ್ಯಕರ್ತರು ಹೊಸ ಯೋಜನೆ ಊರಿಗೆ ಬಂದ ವಾರವೇ ಈ ಆರು ಅಂಶಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳುವುದು ಒಳಿತು. ಹೊಲಕ್ಕೆ ಬಿತ್ತುವ ಬೀಜವನ್ನು ಮೊಳಕೆ ಪರೀಕ್ಷೆ ಮಾಡಿ ನೋಡುವ ರೈತರು, ಹಣ ಹೂಡುವಾಗಲೂ ಅಷ್ಟೇ ಎಚ್ಚರ ವಹಿಸಬೇಕು. ಹೆಚ್ಚಿನ ಸಲಹೆಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಬಹುದು.