ಹಳೆಯ ವಿಮಾನ, ಎಳೆಯ ಪ್ರಾಣ

(ಮೈಸೂರಿನಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಯುದ್ಧವಿಮಾನದ ಮಾತು ನಮಗೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಬೆಲೆ ಏರಿಕೆ, ಬೋನಸ್ಸು, ತೆರಿಗೆಗಳ ಮಾತು ಬಿಟ್ಟು ಆಕಾಶಕ್ಕೆ ಏಣಿ ಹಾಕುವುದೇಕೆ ಎನ್ನಬಹುದು. ನಮ್ಮ ಉತ್ತರ ಸರಳ. ಆ ವಿಮಾನಕ್ಕೆ ಕೊಡುವ ಹಣ ನಿಮ್ಮದು. ಅದನ್ನು ಕಟ್ಟಿದ ಕೈ ಬೆಂಗಳೂರಿನ ಕಾರ್ಮಿಕನದು. ಅದರಲ್ಲಿ ಕುಳಿತು ಪ್ರಾಣ ಕೊಡುವವನು ಯಾರೋ ಒಬ್ಬ ತಾಯಿಯ ಮಗ. ಈ ಮೂರರಲ್ಲಿ ಯಾವುದು ನಮಗೆ ಸಂಬಂಧಿಸಿದ್ದಲ್ಲ?

ಇನ್ನೊಂದು ಕಾರಣವೂ ಉಂಟು. ಬೆಂಗಳೂರಿನ ವಿಮಾನ ಕಾರ್ಖಾನೆ ೧೯೪೦ರ ಡಿಸೆಂಬರಿನಲ್ಲಿ ಹುಟ್ಟಿದ್ದು ವಾಲ್‌ಚಂದ್ ಹೀರಾಚಂದರ ಸಾಹಸದಿಂದ ಮತ್ತು ಮೈಸೂರು ಸರ್ಕಾರದ ಪಾಲುದಾರಿಕೆಯಿಂದ. ಅಂದು ಈ ಸಂಸ್ಥಾನದ ರೈತ ಕಟ್ಟಿದ ಕಂದಾಯವೂ ಆ ತಳಪಾಯದಲ್ಲಿದೆ. ಆದಕಾರಣ ಅಲ್ಲಿ ಏನು ನಡೆಯುತ್ತದೆಂದು ಕೇಳುವ ಹಕ್ಕು ಮೈಸೂರಿನವರಿಗೆ ಎಲ್ಲರಿಗಿಂತ ಒಂದು ತೂಕ ಹೆಚ್ಚೇ ಇದೆ.

ಇಂದಿನ ಪ್ರಶ್ನೆ ಜಾಗ್ವಾರ್ ವಿಮಾನದ್ದು. ಬ್ರಿಟನ್ನು ಮತ್ತು ಫ್ರಾನ್ಸು ಕೂಡಿ ಮಾಡಿದ ವಿಮಾನ ಇದು. ೧೯೭೮ರಲ್ಲಿ ನಮ್ಮ ಸರ್ಕಾರ ಆರಿಸಿಕೊಂಡಿತು, ೧೯೭೯ರಲ್ಲಿ ಮೊದಲನೆಯವು ಬಂದವು, ಆಮೇಲೆ ನೂರಕ್ಕೂ ಮಿಗಿಲಾಗಿ ಬೆಂಗಳೂರಿನಲ್ಲೇ ತಯಾರಾದವು. ವಾಯುಪಡೆಯಲ್ಲಿ ಇದಕ್ಕಿಟ್ಟ ಹೆಸರು ಶಂಶೇರ್, ಅಂದರೆ ಖಡ್ಗ. ಫ್ರಾನ್ಸು ೨೦೦೫ರಲ್ಲಿ ಇದನ್ನು ಕೆಳಗಿಳಿಸಿತು, ಬ್ರಿಟನ್ನು ೨೦೦೭ರಲ್ಲಿ, ಒಮಾನ್ ೨೦೧೪ರಲ್ಲಿ. ಮಾಡಿದವರೇ ಮೂಲೆಗಿಟ್ಟ ವಿಮಾನದ ಆರು ದಳಗಳನ್ನು ಇಟ್ಟುಕೊಂಡು ಹಾರಿಸುತ್ತ ಬಂದವರು ನಾವು ಮಾತ್ರ.

ಇದರ ಕೆಲಸವೇನೆಂದು ತಿಳಿದರೆ ಅಪಾಯವೂ ತಿಳಿಯುತ್ತದೆ. ಇದು ಮೇಲೆ ಹಾರಿ ಇನ್ನೊಂದು ವಿಮಾನದೊಡನೆ ಕಾದಾಡುವುದಕ್ಕಾಗಿ ಮಾಡಿದ್ದಲ್ಲ. ಶತ್ರುವಿನ ರಾಡಾರಿಗೆ ಸಿಕ್ಕದಂತೆ ಮರದ ತುದಿ ಸವರುವಷ್ಟು ತಗ್ಗಿನಲ್ಲಿ ನುಗ್ಗಿ, ನೆಲದ ಮೇಲಿನ ಸೇತುವೆ, ಟ್ಯಾಂಕು, ವಿಮಾನನೆಲೆಗಳಿಗೆ ಬಾಂಬು ಹಾಕಿ ಬರುವಂಥದು. ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಎಂಜಿನ್ನು ಕೈಕೊಟ್ಟರೆ ಆಲೋಚಿಸಲು ನಿಮಿಷಗಳುಂಟು. ಇನ್ನೂರು ಅಡಿಯಲ್ಲಿ ಕೈಕೊಟ್ಟರೆ ಇರುವುದು ಕೆಲವೇ ಕ್ಷಣ. ಅದೂ ಅಲ್ಲದೆ, ನಮ್ಮ ದೇಶದ ಬಿಸಿಲಿನಲ್ಲಿ ತುಂಬಿದ ಹೊರೆ ಹೊರಲು ಇದರ ಎಂಜಿನ್ನಿಗೆ ಶಕ್ತಿ ಸಾಲದೆಂಬ ದೂರು ಬಹಳ ಹಳೆಯದು.

೨೦೨೫ ಒಂದೇ ವರ್ಷದಲ್ಲಿ ಮೂರು ಜಾಗ್ವಾರ್‌ಗಳು ಬಿದ್ದವು. ಮಾರ್ಚ್ ೭ರಂದು ಅಂಬಾಲಾದಿಂದ ಹಾರಿದ್ದು ಪಂಚಕುಲಾದ ಬಳಿ ಬಿತ್ತು, ಚಾಲಕ ಹೊರಕ್ಕೆ ಹಾರಿ ಬದುಕಿದ. ಏಪ್ರಿಲ್ ೨ರ ರಾತ್ರಿ ಜಾಮ್‌ನಗರದ ಹತ್ತಿರ ಇನ್ನೊಂದು. ಇಬ್ಬರಲ್ಲಿ ಒಬ್ಬ ಉಳಿದ, ಒಬ್ಬ ಹೋದ. ಜುಲೈ ೯ರಂದು ರಾಜಸ್ಥಾನದ ಚುರು ಜಿಲ್ಲೆಯಲ್ಲಿ ಮೂರನೆಯದು, ಇಬ್ಬರೂ ಹೋದರು. ಮೊದಲೆರಡರಲ್ಲಿ ಯಂತ್ರದ ದೋಷವೆಂದು ವಾಯುಪಡೆಯೇ ಹೇಳಿತು.

ಹಾಗಾದರೆ ನಾಳೆಯೇ ಎಲ್ಲವನ್ನೂ ನಿಲ್ಲಿಸಿಬಿಡಿ ಎಂದು ಕೂಗುವುದು ಸುಲಭ. ಆದರೆ ಎದುರು ಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬೇಕು. ವಾಯುಪಡೆಗೆ ಮಂಜೂರಾದದ್ದು ೪೨ ಯುದ್ಧದಳಗಳು. ೨೦೨೫ರ ಸೆಪ್ಟೆಂಬರ್ ೨೬ರಂದು ಚಂಡೀಗಢದಲ್ಲಿ ಮಿಗ್-೨೧ಕ್ಕೆ ವಿದಾಯ ಹೇಳಿದ ಮೇಲೆ ಉಳಿದದ್ದು ೨೯. ಇನ್ನಾರು ಕಳೆದರೆ ಗಡಿಯಲ್ಲಿ ನಿಂತ ಕಾಲಾಳು ಸಿಪಾಯಿಗೆ ತಲೆಯ ಮೇಲಿನ ಆಸರೆ ಅಷ್ಟಕ್ಕಷ್ಟೇ. ಅವನೂ ನಮ್ಮ ನಿಮ್ಮಂಥವರ ಮನೆಯ ಹುಡುಗನೇ. ೧೯೭೧ರ ಡಿಸೆಂಬರ್ ೫ರ ಬೆಳಗ್ಗೆ ಲೋಂಗೇವಾಲಾ ಠಾಣೆಯನ್ನು ಟ್ಯಾಂಕುಗಳು ಮುತ್ತಿದಾಗ, ಒಳಗಿದ್ದ ಒಂದು ಹಿಡಿ ಸೈನಿಕರನ್ನು ಕಾಪಾಡಿದ್ದು ಜೈಸಲ್ಮೇರಿನಿಂದ ಬಂದ ಹಂಟರ್ ವಿಮಾನಗಳು. ಅವೇನು ಹೊಚ್ಚಹೊಸವಲ್ಲ, ೧೯೫೧ರಲ್ಲಿ ಮೊದಲು ಹಾರಿದ ಮಾದರಿ. ಸಿರಿವಂತ ಅಮೆರಿಕದಲ್ಲೂ ಇದೇ ಜಗಳವುಂಟು. ಎಪ್ಪತ್ತರ ದಶಕದ ಎ-೧೦ ವಿಮಾನವನ್ನು ಕೈಬಿಡಬೇಕೆಂದು ಅಲ್ಲಿಯ ವಾಯುಪಡೆ ವರ್ಷಾನುಗಟ್ಟಲೆ ಕೇಳಿತು. ನೆಲದ ಸೈನಿಕನಿಗೆ ಅಷ್ಟು ಹತ್ತಿರದಿಂದ ನೆರವಾಗುವುದು ಬೇರೆಯಿಲ್ಲವೆಂದು ಅಲ್ಲಿಯ ಶಾಸನಸಭೆ ಮತ್ತೆ ಮತ್ತೆ ತಡೆಯಿತು.

ಆದ್ದರಿಂದ ಹಳೆಯದೆಂಬುದೊಂದೇ ಅಪರಾಧವಲ್ಲ. ಹೊಸದು ಬೀಳುವುದಿಲ್ಲವೆಂದೂ ಅಲ್ಲ. ೨೦೨೫ರ ನವೆಂಬರ್ ೨೧ರಂದು ದುಬೈಯಲ್ಲಿ ನಮ್ಮ ತೇಜಸ್ ಬಿದ್ದು ಚಾಲಕ ಮಡಿದದ್ದನ್ನು ಎಲ್ಲರೂ ಬಲ್ಲೆವು. ಕೇಳಬೇಕಾದ ಪ್ರಶ್ನೆ ಬೇರೆ: ಹಳೆಯದನ್ನು ಇಟ್ಟುಕೊಂಡವರು ಅದಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಿದರೇ?

ನಮ್ಮ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ನೋಡಿ. ಕಾರ್ಖಾನೆ ೧೯೯೬ರಲ್ಲಿ ಮುಚ್ಚಿತು, ಗಾಡಿಗಳು ಇಂದೂ ಓಡುತ್ತಿವೆ. ಹೇಗೆ? ಒಂದನ್ನು ಬಿಚ್ಚಿ ಮೂರನ್ನು ಓಡಿಸುವ ಮೇಸ್ತ್ರಿಗಳ ಕೈಚಳಕದಿಂದ. ಸಂತೋಷವೇ. ನಂಜನಗೂಡು ರಸ್ತೆಯಲ್ಲಿ ಯೆಜ್ಡಿ ನಿಂತರೆ ಇಳಿದು ತಳ್ಳಬಹುದು. ಜಾಗ್ವಾರಿನದೂ ಇದೇ ಕಥೆಯಾಯಿತು. ಫ್ರಾನ್ಸಿನವರು ಹಾರಾಟ ನಿಲ್ಲಿಸಿದ ೩೧ ವಿಮಾನಗಳನ್ನು ಬಿಡಿಭಾಗಕ್ಕಾಗಿ ತರಿಸುವ ಏರ್ಪಾಡು ೨೦೧೮ರಲ್ಲಿ ನಡೆಯಿತು. ಆದರೆ ಆಕಾಶದಲ್ಲಿ ನಿಂತದ್ದನ್ನು ಇಳಿದು ತಳ್ಳುವವರು ಯಾರು?

ಹೆಚ್ಚು ಬಲದ ಹೊಸ ಎಂಜಿನ್ನು ಕೂಡಿಸಬೇಕೆಂದು ಹತ್ತು ವರ್ಷಕ್ಕೂ ಮಿಕ್ಕಿ ಚರ್ಚೆ ನಡೆಯಿತು. ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿದ್ದಂತೆ ಬೆಲೆ ಏರಿತು, ವಿಮಾನಕ್ಕೆ ವಯಸ್ಸಾಯಿತು. ೨೦೧೯ರಲ್ಲಿ ಖರ್ಚು ವಿಪರೀತವೆಂದು ಯೋಜನೆಯನ್ನೇ ಕೈಬಿಟ್ಟರು. ಹೊಸ ರಾಡಾರು, ಹೊಸ ಉಪಕರಣಗಳನ್ನು ಬೆಂಗಳೂರಿನವರು ಹಲವಕ್ಕೆ ಜೋಡಿಸಿದರು, ಒಳ್ಳೆಯ ಕೆಲಸ. ಕಣ್ಣು ಹೊಸದಾಯಿತು, ಗುಂಡಿಗೆ ಮಾತ್ರ ಹಳೆಯದೇ ಉಳಿಯಿತು.

ಈ ಗುಂಡಿಗೆಯ ರೋಗ ಇಂದಿನದಲ್ಲ. ಜರ್ಮನಿಯ ಕುರ್ಟ್ ಟ್ಯಾಂಕ್ ನಮ್ಮ ಎಂಜಿನಿಯರುಗಳೊಡನೆ ಬೆಂಗಳೂರಿನಲ್ಲಿ ರೂಪಿಸಿದ ಮಾರುತ್ ವಿಮಾನ ೧೯೬೧ರ ಜೂನ್ ೧೭ರಂದು ಹಾರಿತು. ಸುಂದರ ವಿಮಾನ, ೧೯೭೧ರ ಯುದ್ಧದಲ್ಲಿ ರಾಜಸ್ಥಾನದ ಮರಳಿನ ಮೇಲೆ ದುಡಿದದ್ದು. ಆದರೆ ಅದಕ್ಕೆ ತಕ್ಕ ಎಂಜಿನ್ನು ಹೊರಗಿನಿಂದ ದೊರೆಯಲಿಲ್ಲ, ಒಳಗೆ ಆಗಲಿಲ್ಲ. ಒಟ್ಟು ೧೪೭ ತಯಾರಿಸಿ ನಿಲ್ಲಿಸಿದೆವು. ಇಂದು ತೇಜಸ್ಸಿನದೂ ಅದೇ ಹಾಡು. ೧೯೮೩ರಲ್ಲಿ ಮಂಜೂರಾದ ಯೋಜನೆ, ದಳ ಸೇರಿದ್ದು ೨೦೧೬ರಲ್ಲಿ. ೨೦೨೧ರಲ್ಲಿ ೮೩ ಸುಧಾರಿತ ವಿಮಾನಗಳಿಗೆ ಒಪ್ಪಂದವಾಯಿತು, ೨೦೨೪ರ ಮಾರ್ಚಿಗೆ ಮೊದಲನೆಯದು ಬರಬೇಕಿತ್ತು. ಅದಕ್ಕೆ ಬೇಕಾದ ಅಮೆರಿಕದ ಎಂಜಿನ್ನಿನ ಮೊದಲನೆಯದೇ ಹೊರಟದ್ದು ೨೦೨೫ರ ಮಾರ್ಚಿನಲ್ಲಿ. ಬಂಧುಗಳೇ, ಹೊಸದು ತಡವಾದಷ್ಟು ದಿನ ಹಳೆಯದರಲ್ಲಿ ಕುಳಿತವನು ತನ್ನ ಪ್ರಾಣದಿಂದ ಆ ಬಡ್ಡಿ ಕಟ್ಟುತ್ತಾನೆ.

ಬಡ್ಡಿ ಎಷ್ಟಾಗುತ್ತದೆಂಬುದಕ್ಕೆ ಲೆಕ್ಕವೂ ಇದೆ. ೨೦೧೨ರಲ್ಲಿ ರಕ್ಷಣಾ ಮಂತ್ರಿ ಎ. ಕೆ. ಆಂಟನಿಯವರು ಸಂಸತ್ತಿಗೆ ಹೇಳಿದರು: ಕೊಂಡ ೮೭೨ ಮಿಗ್ ವಿಮಾನಗಳಲ್ಲಿ ೪೮೨ ಅಪಘಾತದಲ್ಲಿ ನಾಶವಾದವು, ೧೭೧ ಚಾಲಕರು ಸತ್ತರು, ೩೯ ನಾಗರಿಕರೂ ಸತ್ತರು. ಅಷ್ಟು ಕೇಳಿದ ಮೇಲೂ ಮಿಗ್-೨೧ ಮತ್ತೆ ಹದಿಮೂರು ವರ್ಷ ಹಾರಿತು. ೨೦೨೩ರ ಮೇ ೮ರಂದು ರಾಜಸ್ಥಾನದ ಹನುಮಾನ್‌ಗಢದ ಹತ್ತಿರ ಒಂದು ಬಿದ್ದಾಗ ಸತ್ತವರು ಹಳ್ಳಿಯ ಮೂವರು ಹೆಂಗಸರು.

ನಾವು ಕೇಳುವುದು ನಾಲ್ಕೇ ಮಾತು. ಒಂದು, ಅತ್ಯಂತ ಹಳೆಯ, ಸುಧಾರಣೆಯಾಗದ ಜಾಗ್ವಾರ್‌ಗಳಿಗೆ ನಿವೃತ್ತಿಯ ದಿನ ಗೊತ್ತುಮಾಡಿ, ಆ ದಿನವನ್ನು ಮುಂದೂಡಬೇಡಿ. ಎರಡು, ಉಳಿಸಿಕೊಳ್ಳುವುದಕ್ಕೆ ಎಂಜಿನ್ನಿನ ಪರೀಕ್ಷೆ, ಬಿಡಿಭಾಗಗಳಿಗೆ ಕೊರತೆ ಮಾಡಬೇಡಿ. ಅಂಗಡಿಯವನ ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಬೀಳದಿದ್ದರೆ ದಂಡ ಹಾಕುವ ಸರ್ಕಾರ ತನ್ನ ಯಂತ್ರಕ್ಕೂ ಅದೇ ನಿಯಮ ಪಾಲಿಸಲಿ. ಮೂರು, ಪ್ರತಿ ಅಪಘಾತದ ವಿಚಾರಣೆಯ ಸಾರವನ್ನು, ರಹಸ್ಯವಾದದ್ದನ್ನು ಬಿಟ್ಟು, ಸಂಸತ್ತಿನ ಮುಂದಿಡಿ. ನಾಲ್ಕು, ಎಂಜಿನ್ನನ್ನು ಇಲ್ಲೇ ಮಾಡುವ ಕೆಲಸಕ್ಕೆ ಹಣವನ್ನೂ ತಾಳ್ಮೆಯನ್ನೂ ಕೊಡಿ. ಮಾಡುವ ಕೈಗಳು ಬೆಂಗಳೂರಿನಲ್ಲಿವೆ, ಅವರ ಮಾತನ್ನೂ ಕೇಳಿ.

ಗಿರಣಿಯಲ್ಲಿ ಸವೆದ ಬೆಲ್ಟು ಹರಿದು ಕೈ ಹೋದಾಗ, ಕೆಲಸಗಾರನ ಅಜಾಗರೂಕತೆ ಎಂದು ಬರೆದುಕೊಳ್ಳುವುದನ್ನು ನೀವು ಕಂಡಿದ್ದೀರಿ. ಬೆಲ್ಟು ಬದಲಿಸಿ ಎಂದು ಅವನು ಮೂರು ಬಾರಿ ಕೇಳಿದ್ದು ಯಾವ ಪುಸ್ತಕದಲ್ಲೂ ಇರುವುದಿಲ್ಲ. ವಿಮಾನದ ಚಾಲಕನೂ ಒಬ್ಬ ಕೆಲಸಗಾರನೇ. ಅವನು ಸಂಘ ಕಟ್ಟುವಂತಿಲ್ಲ, ಮುಷ್ಕರ ಹೂಡುವಂತಿಲ್ಲ. ಅವನ ಪರವಾಗಿ ಕೇಳಬೇಕಾದವರು ನಾವು.

ದಸರಾ ಸಮಯದಲ್ಲಿ ಬನ್ನಿಮಂಟಪದ ಮೇಲೆ ವಿಮಾನಗಳು ಹಾರಿದಾಗ ನಾವೆಲ್ಲ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಚಪ್ಪಾಳೆ ತಟ್ಟಿದ್ದೇವೆ. ತಟ್ಟೋಣ, ತಪ್ಪಿಲ್ಲ. ಆದರೆ ಚಪ್ಪಾಳೆ ತಟ್ಟಿದ ಕೈ ಲೆಕ್ಕದ ಪುಸ್ತಕವನ್ನೂ ತೆರೆದು ನೋಡಲಿ.