ಓಟದ ನಾಯಿಯ ಪಾಲನೆ

"ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಬೀದಿಯ ನಾಯಿಯನ್ನು ಕಂಡು ಹುಟ್ಟಿದ ಈ ಮಾತು ಒಂದು ಜಾತಿಯ ನಾಯಿಗೆ ಮಾತ್ರ ಒಪ್ಪುತ್ತಿರಲಿಲ್ಲ. ಅದಕ್ಕೆ ಕೆಲಸವಿತ್ತು; ಓಡುವುದೇ ಆ ಕೆಲಸ. ಇಂದು ಕೆಲಸವು ಹೋಗಿದೆ, ನಿಲ್ಲಲಾರದ ಸ್ವಭಾವವು ಉಳಿದಿದೆ. ಇಂಥ ನಾಯಿಯನ್ನು ಮನೆಗೆ ತಂದವನ ಹೊಣೆಯೇನು ಎಂಬುದೇ ಈ ಹೊತ್ತಿನ ನನ್ನ ವಿಷಯ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಯ ಬಯಲನ್ನು ನೋಡಿದವರಿಗೆ ಓಟದ ನಾಯಿಯು ಈ ಸೀಮೆಗೆ ಏಕೆ ತಕ್ಕದ್ದೆಂದು ವಿವರಿಸಬೇಕಾಗಿಲ್ಲ. ಭೀಮಾ ಮತ್ತು ಅಮರ್ಜಾ ನದಿಗಳ ಈ ನೆಲದಲ್ಲಿ ತೊಗರಿ ಜೋಳದ ಹೊಲಗಳು ಕಣ್ಣು ಹರಿಯುವಷ್ಟು ದೂರ ಹಬ್ಬಿವೆ. ಮರೆಯಾಗುವುದಕ್ಕೆ ದಟ್ಟವಾದ ಕಾಡಿಲ್ಲ. ಇಂಥ ಬಯಲಿನಲ್ಲಿ ಮೂಗಿನಿಂದ ಜಾಡು ಹಿಡಿಯುವ ನಾಯಿಗಿಂತ ಕಣ್ಣಿನಿಂದ ಕಂಡು ಬೆನ್ನಟ್ಟುವ ನಾಯಿಯೇ ಮೇಲು. ದಖ್ಖಣದಲ್ಲಿ ಕಾರವಾನಿ ಎಂದೂ ಮುಧೋಳದ ನಾಯಿ ಎಂದೂ ಕರೆಯುವುದು ಈ ಬಗೆಯ ನಾಯಿಯನ್ನೇ. ನೀಳವಾದ ತಲೆ, ಆಳವಾದ ಎದೆ, ಒಳಕ್ಕೆ ಸೇರಿದ ಹೊಟ್ಟೆ, ಉದ್ದವಾದ ಕಾಲು, ಮೈಗಂಟಿದ ಕಿರುಗೂದಲು: ಇದರ ಅಂಗಾಂಗವೆಲ್ಲವೂ ಓಟಕ್ಕಾಗಿಯೇ ರೂಪುಗೊಂಡದ್ದು.

ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಆಶ್ರಯದಿಂದ ಈ ನಾಯಿಗೆ ಆ ಊರಿನ ಹೆಸರು ನಿಂತಿತು. 2005ರಲ್ಲಿ ಭಾರತದ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು; 2016ರಲ್ಲಿ ಇದರ ಮರಿಗಳು ಸೈನ್ಯದ ಶಿಕ್ಷಣಕ್ಕಾಗಿ ಮೀರತ್ತಿಗೆ ಹೋದುವು. ಕೀರ್ತಿ ಬಂದೊಡನೆ ಕೊಳ್ಳುವವರೂ ಬಂದರು. ಬಯಲಿನ ನಾಯಿ ಪಟ್ಟಣದ ಅಂಗಳಕ್ಕೆ ಬಂದು ಸರಪಣಿಯ ತುದಿಯಲ್ಲಿ ನಿಂತಿತು. ನನ್ನ ಆಕ್ಷೇಪವಿರುವುದು ಇಲ್ಲಿಯೇ.

ಬೇಟೆಯನ್ನು ಮತ್ತೆ ಆರಂಭಿಸೋಣವೆಂದು ನಾನು ಹೇಳುವವನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಕೃಷ್ಣಮೃಗದ ಬೇಟೆಯೂ ಅಪರಾಧ, ಮೊಲದ ಬೇಟೆಯೂ ಅಪರಾಧ. ಅದು ಹಾಗೆಯೇ ಇರತಕ್ಕದ್ದು. ಆದರೆ ಮೊಲವನ್ನು ಕಾಪಾಡಿದ ಕಾನೂನು ನಾಯಿಯ ಕಾಲಿನ ಹಸಿವನ್ನು ಅಳಿಸಲಾರದು. ಆ ಹಸಿವನ್ನು ತೀರಿಸುವ ಭಾರ ಸಾಕಿದವನ ಮೇಲೆ ಬಿದ್ದಿದೆ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೂ ಇದನ್ನು ಬಾಯಿಬಿಟ್ಟೇ ಹೇಳಿದೆ: ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಮಾಡಿಸದಿರುವ ಯಜಮಾನನು ಅಪರಾಧಿ. ಅಕ್ಕರೆಯಿಂದ ಹಾಲು ಬಾಡು ಹಾಕುವ ಎಷ್ಟೋ ಗೃಹಸ್ಥರು ತಾವು ಈ ಮಾತಿಗೆ ಒಳಪಟ್ಟವರೆಂಬುದನ್ನು ಅರಿಯರು. ಅಂಗಳವನ್ನು ಕೆದರುವುದು, ಇರುಳೆಲ್ಲ ಊಳಿಡುವುದು, ಬಂದವರ ಮೇಲೆ ಹಾಯುವುದು, ಇವನ್ನು ನಾಯಿಯ ದುಷ್ಟತನವೆಂದು ಬೈಯುತ್ತೇವೆ. ಬಹುಮಟ್ಟಿಗೆ ಅವು ಓಡಲಾರದೆ ಉಳಿದ ಓಟ.

ವ್ಯಾಯಾಮವು ಹೇಗಿರಬೇಕು? ಬೆಳಿಗ್ಗೆ ಮತ್ತು ಸಂಜೆ ಅರ್ಧ ಅರ್ಧ ಗಂಟೆಯ ಬಿರುಸಾದ ನಡಿಗೆ. ಜೊತೆಗೆ ಬೇಲಿಯಿರುವ ಬಯಲಿನಲ್ಲಿ ಕೆಲವು ನಿಮಿಷಗಳ ಸ್ವೇಚ್ಛೆಯ ಓಟ. ಈ ನಾಯಿಯ ಸಾಮರ್ಥ್ಯವಿರುವುದು ಮಿಂಚಿನಂಥ ಕಿರು ಓಟದಲ್ಲಿ. ಆದುದರಿಂದ ಮೋಟಾರು ಸೈಕಲ್ಲಿಗೆ ಕಟ್ಟಿ ಮೈಲಿಗಟ್ಟಲೆ ಓಡಿಸುವುದು ವ್ಯಾಯಾಮವಲ್ಲ, ಕ್ರೌರ್ಯ. ಓಡುವ ಪ್ರಾಣಿ ಕಣ್ಣಿಗೆ ಬಿದ್ದರೆ ಯಜಮಾನನ ಕೂಗು ಅದರ ಕಿವಿಗೆ ಬೀಳದು. ಆದಕಾರಣ ರಸ್ತೆಯ ಬಳಿಯಲ್ಲಾಗಲಿ ಕುರಿಹಿಂಡಿನ ಬಳಿಯಲ್ಲಾಗಲಿ ಹಗ್ಗವನ್ನು ಬಿಡಬಾರದು. ಒಂದು ವರ್ಷ ತುಂಬದ ಮರಿಯ ಎಲುಬು ಇನ್ನೂ ಬಲಿಯುತ್ತಿರುತ್ತದೆ; ಅದು ತಾನಾಗಿ ಆಡಿ ದಣಿಯಲಿ, ನಾವು ಓಡಿಸಿ ದಣಿಸಬಾರದು.

ನೆಲವನ್ನೂ ನೋಡಬೇಕು. ತೊಗರಿ ಕೊಯ್ದ ಹೊಲದ ಕೂಳೆ ಮೊಳೆಯಂತೆ ನಿಂತು ಅಂಗಾಲನ್ನು ಸೀಳುತ್ತದೆ. ಬೇಸಗೆಯಲ್ಲಿ ಎರೆಯ ನೆಲ ಬಾಯಿಬಿಟ್ಟಾಗ ಬಿರುಕಿನಲ್ಲಿ ಕಾಲು ಸಿಕ್ಕಿ ಮುರಿಯಬಹುದು. ಮಳೆಗಾಲದಲ್ಲಿ ಅದೇ ಎರೆ ಬೆರಳ ಸಂದಿಗಳಲ್ಲಿ ಮೆತ್ತಿ ಗಟ್ಟಿಯಾಗುತ್ತದೆ. ಹುಲ್ಲು ಬೆಳೆದ ಬೀಳುನೆಲವೇ ಓಟಕ್ಕೆ ಉತ್ತಮ. ತಿರುಗಿ ಬಂದಮೇಲೆ ನಾಲ್ಕು ಪಾದಗಳನ್ನೂ ತೊಳೆದು ನೋಡುವುದು ನಿತ್ಯಕರ್ಮವಾಗಬೇಕು.

ಎಲ್ಲಕ್ಕಿಂತ ಮಿಗಿಲಾದ ಭಯ ಬಿಸಿಲಿನದು. ಮೇ ತಿಂಗಳಿನಲ್ಲಿ ಕಲಬುರಗಿಯ ಸೀಮೆಯಲ್ಲಿ ಉಷ್ಣಮಾನವು 42 ಡಿಗ್ರಿ ಸೆಂಟಿಗ್ರೇಡನ್ನು ದಾಟುವುದುಂಟು. ಮನುಷ್ಯನಂತೆ ನಾಯಿಯ ಮೈಯೆಲ್ಲ ಬೆವರುವುದಿಲ್ಲ. ಏದುಸಿರಿನಿಂದಲೇ ಅದು ತಂಪಾಗಬೇಕು. ಆರೋಗ್ಯದಲ್ಲಿ ಅದರ ದೇಹದ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ. 41ನ್ನು ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಹೊತ್ತು ಮೂಡುವ ಮೊದಲೂ ಮುಳುಗಿ ನೆಲ ತಣಿದ ಮೇಲೂ ಹೊರಡಿಸಬೇಕು. ಡಾಮರು ರಸ್ತೆಯ ಮೇಲೆ ನಿಮ್ಮ ಅಂಗೈಯನ್ನು ಐದು ಎಣಿಸುವವರೆಗೆ ಇರಿಸಲಾರಿರಾದರೆ ನಾಯಿಯನ್ನೂ ಅಲ್ಲಿ ನಡೆಸಬೇಡಿರಿ. ಓಲಾಡುವುದು, ಜೊಲ್ಲು ಸುರಿಸುವುದು, ಒಸಡು ಕೆಂಪೇರುವುದು ಕಂಡರೆ ಕೂಡಲೇ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ ಪಶುವೈದ್ಯರಲ್ಲಿಗೆ ಸಾಗಿಸಬೇಕು.

ಇನ್ನು ಆಹಾರ. ಕುರಿಗಾಹಿಯ ನಾಯಿ ಜೋಳದ ರೊಟ್ಟಿ ತಿಂದು ಬದುಕುತ್ತದೆಯಲ್ಲ ಎಂದು ಕೆಲವರು ಕೇಳುವರು. ಬದುಕುತ್ತದೆ, ಆದರೆ ಸ್ನಾಯು ಬಲಿಯುವುದಕ್ಕೆ ರೊಟ್ಟಿಯೊಂದೇ ಸಾಲದು. ಬೇಯಿಸಿದ ಮಾಂಸ ಅಥವಾ ಮೊಟ್ಟೆ ಮುಖ್ಯವಾಗಿರಲಿ. ಜೊತೆಗೆ ನೆನೆಸಿದ ರೊಟ್ಟಿ, ಚೆನ್ನಾಗಿ ಬೆಂದ ಬೇಳೆ, ಸ್ವಲ್ಪ ತರಕಾರಿ ಸೇರಲಿ. ಬೆಳೆದ ನಾಯಿಗೆ ಹಾಲು ಕೆಲವೊಮ್ಮೆ ಒಗ್ಗದು; ಮೊಸರು ಲೇಸು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ಇವು ನಾಯಿಗೆ ವಿಷ. ಒಗ್ಗರಣೆಯ ಸಾರನ್ನು ಹಾಕುವವರು ಇದನ್ನು ನೆನಪಿಡಬೇಕು. ಬೇಯಿಸಿದ ಎಲುಬು ಚೂರಾಗಿ ಕರುಳನ್ನು ಕೊಯ್ಯಬಹುದು.

ದಿನಕ್ಕೆ ಎರಡು ಊಟ ಸಾಕು. ಎಳೆಯ ಮರಿಗೆ ಮೂರು ನಾಲ್ಕು ಬೇಕು. ಉಂಡ ಮೇಲೆ ಎರಡು ಗಂಟೆ ಓಡಿಸಕೂಡದು; ಓಡಿ ಬಂದೊಡನೆ ಉಣ್ಣಿಸಲೂಕೂಡದು. ಆಳವಾದ ಎದೆಯ ನಾಯಿಗಳಲ್ಲಿ ಜಠರವು ಉಬ್ಬಿ ತಿರುಚಿಕೊಳ್ಳುವ ರೋಗವುಂಟು. ಅದು ಕೆಲವೇ ಗಂಟೆಗಳಲ್ಲಿ ಕೊಲ್ಲುತ್ತದೆ. ಹೊಟ್ಟೆಯುಬ್ಬಿ, ವಾಂತಿ ಬಾರದೆ ಓಕರಿಸುವ ನಾಯಿಯನ್ನು ಬೆಳಗಾಗಲೆಂದು ಕಾಯಿಸಬಾರದು. ಮತ್ತೊಂದು ಮಾತು: ಈ ನಾಯಿಯ ಕೊನೆಯ ಎರಡು ಮೂರು ಪಕ್ಕೆಲುಬುಗಳು ಕಾಣುವುದು ಆರೋಗ್ಯದ ಗುರುತು. ಉಪವಾಸ ಕೆಡವಿದ್ದೀರೆಂದು ನೆರೆಯವರು ಆಡಿಕೊಂಡರೆಂದು ಕೊಬ್ಬಿಸಬೇಡಿರಿ.

ಮೂರು ತಿಂಗಳಾದ ಮರಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ, ಮುಂದೆ ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಹಾಕಿಸುತ್ತ ಬರಬೇಕು. ಉಣ್ಣೆಗಳು ರಕ್ತ ಹೀರುವುದಲ್ಲದೆ ಜ್ವರವನ್ನೂ ಹರಡುವುದರಿಂದ ಕಿವಿಯೊಳಗೂ ಬೆರಳ ಸಂದಿಯಲ್ಲೂ ಹುಡುಕಿ ತೆಗೆಯಬೇಕು. ಮೈಯಲ್ಲಿ ಕೊಬ್ಬು ಕಡಮೆಯಾದ್ದರಿಂದ ಚಳಿಗಾಲದ ಇರುಳಿಗೆ ಒಂದು ಹಳೆಯ ಕಂಬಳಿಯಾದರೂ ಬೇಕು.

ಇಷ್ಟಕ್ಕೂ ಹೊತ್ತಿಲ್ಲದವರು ಏನು ಮಾಡಬೇಕು? ಈ ಜಾತಿಯ ನಾಯಿಯನ್ನು ತರದಿರುವುದೇ ಅವರು ಅದಕ್ಕೆ ಮಾಡುವ ಉಪಕಾರ. ಮನೆ ಕಾಯುವುದಕ್ಕೆ ಬೀದಿಯ ಮರಿಯೊಂದು ಸಾಕು.

ನಾಯಿಗೆ ಮಾನವನ್ನು ಸಲ್ಲಿಸುವುದು ಕನ್ನಡಿಗರಿಗೆ ಹೊಸದಲ್ಲ. ಇದೇ ಕಲಬುರಗಿ ಜಿಲ್ಲೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಆ ವಂಶದ ಮೂರನೆಯ ಕೃಷ್ಣನ ಕಾಲದಲ್ಲಿ ಮಣಲೇರನೆಂಬ ವೀರನು ಬಹುಮಾನವಾಗಿ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿಯು ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿದಾಗ, ಅದರ ನೆನಪಿಗೆ ಮಂಡ್ಯದ ಸೀಮೆಯ ಆತಕೂರಿನಲ್ಲಿ ಕಲ್ಲು ನಿಂತಿತು, ಭೂಮಿ ದಾನವಾಯಿತು. ಸುಮಾರು 950ರ ಆ ಶಾಸನವು ಒಂದು ಕಟ್ಟಳೆಯನ್ನು ವಿಧಿಸಿದೆ: ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುವನು. ಸತ್ತ ನಾಯಿಯ ಕಲ್ಲಿಗೇ ಇಷ್ಟು ನೇಮವಿದ್ದ ನಾಡಿನಲ್ಲಿ, ಬದುಕಿರುವ ನಾಯಿಯನ್ನು ಮುಂಜಾನೆ ಒಂದು ಸುತ್ತು ಓಡಿಸಿ ಬಂದು ಅನಂತರ ನಾವು ಉಪಾಹಾರಕ್ಕೆ ಕೂಡುವುದು ದೊಡ್ಡ ವ್ರತವೇನೂ ಅಲ್ಲ.